ಅಮೆರಿಕ ಕನಸಿಗೆ ಸರ್ಕಾರ ಏಣಿನಾ, ಅಡ್ಡಗೋಡೆನಾ? ಉತ್ತರಹಳ್ಳಿಯ ಒಂದು ಮನೆ ಲೆಕ್ಕ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಓದೋಕೆ ಸುಲಭ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದೆ.)



ಇವತ್ತಿನ ವಿಷಯ ನಾನು ಆರಿಸಿದ್ದಲ್ಲ. ನಮ್ಮ ಚಿಕ್ಕಪ್ಪ ಕೊಟ್ಟಿದ್ದು. ಸಂಕ್ರಾಂತಿ ದಿನ ಎಳ್ಳು ಬೆಲ್ಲ ಕೊಡೋಕೆ ಅವರ ಮನೆಗೆ ಹೋಗಿದ್ದೆ. ನಮ್ಮನೆಯಿಂದ ಎರಡು ರಸ್ತೆ ಆಚೆ, ಇದೇ ಉತ್ತರಹಳ್ಳಿ. ಟಿವಿಲಿ ವೀಸಾ ಸುದ್ದಿ ಓಡ್ತಿತ್ತು. ಚಿಕ್ಕಪ್ಪ ರಿಮೋಟ್ ತಗೊಂಡು ಸೌಂಡ್ ಕಮ್ಮಿ ಮಾಡಿದ್ರು.

"ಏನಮ್ಮ, ಬಿಕಾಂ ಓದಿದೀಯ, ಮೈಕ್ ಮುಂದೆ ಕೂತು ಊರಿಗೆಲ್ಲ ಹೇಳ್ತೀಯ. ನನಗೊಂದು ಹೇಳು. ಸರ್ಕಾರ ನನ್ನ ಮಗಳಿಗೆ ದಾರಿ ಮಾಡಿಕೊಡ್ತಿದೆಯೋ, ಅಡ್ಡ ನಿಂತಿದೆಯೋ?"

"ಯಾವ ಸರ್ಕಾರ ಚಿಕ್ಕಪ್ಪ?" ಅಂದೆ.

"ಎಲ್ಲಾನೂ" ಅಂದ್ರು.

ಆ ಒಂದು ಮಾತು ತಲೇಲಿ ಕೂತುಬಿಡ್ತು. ಯಾಕಂದ್ರೆ ನಾವು "ಟ್ರಂಪ್ ಹೀಗೆ ಮಾಡಿದ, ಹಾಗೆ ಮಾಡಿದ" ಅಂತ ಮಾತಾಡ್ತೀವಿ. ಆದ್ರೆ ಉತ್ತರಹಳ್ಳಿಯಿಂದ ಅಮೆರಿಕಕ್ಕೆ ಹೋಗೋ ಹುಡುಗಿಯ ದಾರಿಯಲ್ಲಿ ಮೂರು ಸರ್ಕಾರ ಸಿಗ್ತವೆ: ವಿಧಾನಸೌಧದ್ದು, ದೆಹಲಿದು, ವಾಷಿಂಗ್ಟನ್‌ದು. ಮೂರೂ ಬೇರೆ ಬೇರೆ ಜಾಗದಲ್ಲಿ ಕೈ ಹಿಡೀತವೆ, ಬೇರೆ ಬೇರೆ ಜಾಗದಲ್ಲಿ ಕಾಲು ಎಳೀತವೆ. ಇವತ್ತು ಒಂದೊಂದಾಗಿ ನೋಡೋಣ.

ಮೊದಲು ಹಿನ್ನೆಲೆ. ನನ್ನ ತಂಗಿ, ಅಂದ್ರೆ ಈ ಚಿಕ್ಕಪ್ಪನ ಮಗಳು, ಕಳೆದ ಆಗಸ್ಟ್‌ನಲ್ಲಿ ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೋದಳು. ಒಂದು ಸ್ಟೇಟ್ ಯೂನಿವರ್ಸಿಟಿ, ಕಂಪ್ಯೂಟರ್ ಸೈನ್ಸ್. ಸಾಲ 40 ಲಕ್ಷ. ಚಿಕ್ಕಪ್ಪ ಅನುದಾನಿತ ಶಾಲೆಯಲ್ಲಿ ಮೇಷ್ಟ್ರು, ರಿಟೈರ್ ಆಗೋಕೆ ಮೂರು ವರ್ಷ ಇದೆ. ಸಾಲಕ್ಕೆ ಸಹಿ ಹಾಕಿರೋದು ಅವರೇ. ಅಂದ್ರೆ ಇದು ಟಿವಿ ಡಿಬೇಟ್ ಅಲ್ಲ, ಅವರ ಮುಂದಿನ ಹತ್ತು ವರ್ಷದ ಪ್ರಶ್ನೆ.

"ಸ್ವಂತ ಶ್ರಮದಿಂದ" ಅನ್ನೋ ಮಾತು

ಅಮೆರಿಕನ್ ಡ್ರೀಮ್ ಅನ್ನೋ ಪದವನ್ನ ಜನರ ಬಾಯಿಗೆ ತಂದದ್ದು ಜೇಮ್ಸ್ ಟ್ರಸ್ಲೋ ಆಡಮ್ಸ್ ಅನ್ನೋ ಇತಿಹಾಸಕಾರ. 1931ರಲ್ಲಿ, ಆರ್ಥಿಕ ಕುಸಿತದ ಮಧ್ಯೆ. ಹುಟ್ಟು ಯಾವ ಮನೇಲಾದ್ರೂ ಆಗ್ಲಿ, ಸಾಮರ್ಥ್ಯಕ್ಕೆ ತಕ್ಕ ಬದುಕು ಸಿಗಬೇಕು ಅನ್ನೋದು ಅವರ ಮಾತಿನ ತಿರುಳು. ನಮ್ಮ ಏರಿಯಾದಲ್ಲಿ ಅದಕ್ಕೆ ಬೇರೆ ರೂಪ ಇದೆ: ಬಿಇ, ಜಿಆರ್‌ಇ, ಎಂಎಸ್, ಎಚ್-1ಬಿ, ಗ್ರೀನ್ ಕಾರ್ಡ್, ಆಮೇಲೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿ ನಯಾಗರಾ ಮುಂದೆ ಒಂದು ಫೋಟೋ.

ಈ ಕಥೆ ಹೇಳೋರು ಸಾಮಾನ್ಯವಾಗಿ "ಸ್ವಂತ ಶ್ರಮದಿಂದ ಮೇಲೆ ಬಂದ" ಅಂತಾರೆ. ಶ್ರಮ ಖಂಡಿತ ಇದೆ. ಆದ್ರೆ ಬಾಗಿಲು ಯಾರು ತೆಗೆದಿದ್ದು ಅಂತ ಕೇಳಿದ್ರೆ, ಪ್ರತಿ ಸಲವೂ ಒಂದು ಸರ್ಕಾರದ ಹೆಸರು ಬರುತ್ತೆ.

1923ಕ್ಕೆ ಹೋಗೋಣ. ಭಗತ್ ಸಿಂಗ್ ಥಿಂಡ್ ಅನ್ನೋ ಪಂಜಾಬಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದವರು. ಅವರಿಗೆ ಪೌರತ್ವ ಸಿಗಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳ್ತು. ಕಾರಣ? ಕಾನೂನಿನ ಅರ್ಥದಲ್ಲಿ ಭಾರತೀಯರು "ಬಿಳಿಯರು" ಅಲ್ಲ. ಅವರ ಶ್ರಮದಲ್ಲಿ ಕೊರತೆ ಇರಲಿಲ್ಲ, ಕಾನೂನು ಬಾಗಿಲು ಹಾಕಿತ್ತು. 1946ರಲ್ಲಿ ಬಾಗಿಲು ಸ್ವಲ್ಪ ತೆರೀತು, ಅದೂ ಇಡೀ ಭಾರತಕ್ಕೆ ವರ್ಷಕ್ಕೆ 100 ಜನ. 1965ರಲ್ಲಿ ಲಿಂಡನ್ ಜಾನ್ಸನ್ ಸಹಿ ಹಾಕಿದ ಹೊಸ ವಲಸೆ ಕಾನೂನು, ಯಾವ ದೇಶದ ಮೂಲದವರು ಅಂತ ನೋಡಿ ಕೋಟಾ ಕೊಡೋ ಹಳೇ ಪದ್ಧತಿಯನ್ನ ತೆಗೆದುಹಾಕ್ತು. ಡಾಕ್ಟರ್‌ಗಳು, ಎಂಜಿನಿಯರ್‌ಗಳು ಹೋಗೋಕೆ ಶುರು ಮಾಡಿದ್ದು ಅಲ್ಲಿಂದ.

ಅದಕ್ಕೂ ಮುಂಚೆ ಹೋದ ಕನ್ನಡದ ಒಂದು ದೊಡ್ಡ ಹೆಸರು ಎ.ಕೆ. ರಾಮಾನುಜನ್. ಮೈಸೂರಿನವರು. 1959ರಲ್ಲಿ ಇಂಡಿಯಾನಾ ಯೂನಿವರ್ಸಿಟಿಗೆ ಹೋಗಿದ್ದು ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ. ಫುಲ್‌ಬ್ರೈಟ್ ಅಂದ್ರೆ ಅಮೆರಿಕ ಸರ್ಕಾರದ ಕಾರ್ಯಕ್ರಮ. ಆಮೇಲೆ ಶಿಕಾಗೋದಲ್ಲಿ ಅವರು ಮಾಡಿದ ಕೆಲಸ ಅವರದ್ದೇ ಪ್ರತಿಭೆ. ಟಿಕೆಟ್ ಮಾತ್ರ ಸರ್ಕಾರದ್ದು.

ಇನ್ನೊಂದು ವಿಷಯ. ನಮ್ಮ ಹುಡುಗರು ಓದೋ ಪರ್ಡ್ಯೂ, ಪೆನ್ ಸ್ಟೇಟ್, ಟೆಕ್ಸಸ್ ಎ ಆ್ಯಂಡ್ ಎಂ ತರದ ಯೂನಿವರ್ಸಿಟಿಗಳು ಬೆಳೆದಿದ್ದೇ 1862ರ ಮೊರಿಲ್ ಕಾನೂನಿನಿಂದ. ಕಾಲೇಜು ಕಟ್ಟೋಕೆ ಅಂತ ಅಮೆರಿಕದ ಕೇಂದ್ರ ಸರ್ಕಾರ ರಾಜ್ಯಗಳಿಗೆ ಭೂಮಿ ಕೊಡ್ತು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಕಾಲೇಜು ಫೀಸು, ಮನೆ ಸಾಲಕ್ಕೆ ಗ್ಯಾರಂಟಿ ಕೊಟ್ಟಿದ್ದು 1944ರ ಜಿಐ ಬಿಲ್. ಅಮೆರಿಕದವರ ಅಮೆರಿಕನ್ ಡ್ರೀಮ್‌ಗೂ ಸರ್ಕಾರವೇ ಪಾಯ ಹಾಕಿದೆ.

ಇಲ್ಲಿ ರನ್‌ವೇ ಕಟ್ಟಿದ್ದು ಯಾರು?

ಈಗ ನಮ್ಮ ಕಡೆ ಬರೋಣ. ನೀವು ಪಾಸ್‌ಪೋರ್ಟ್ ಮಾಡಿಸಿದೀರಲ್ವಾ? ಆನ್‌ಲೈನ್ ಅರ್ಜಿ, ಸ್ಲಾಟ್, ಲಾಲ್‌ಬಾಗ್ ರಸ್ತೆಯ ಸೇವಾ ಕೇಂದ್ರ, ಆಮೇಲೆ ಪೊಲೀಸ್ ವೆರಿಫಿಕೇಶನ್, ಮುಗೀತು. ಒಂದು ಕಾಲದಲ್ಲಿ ಪಾಸ್‌ಪೋರ್ಟ್ ಕೊಡೋದು ಬಿಡೋದು ಸರ್ಕಾರದ ಇಷ್ಟ. 1967ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ವಿದೇಶಕ್ಕೆ ಹೋಗೋದು ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ಅದನ್ನ ತಡೆಯೋ ಹಾಗಿಲ್ಲ ಅಂತ ತೀರ್ಪು ಕೊಟ್ಟ ಮೇಲೆ ಪಾಸ್‌ಪೋರ್ಟ್ ಕಾಯ್ದೆ ಬಂತು.

ಪಾಸ್‌ಪೋರ್ಟ್ ಸಿಕ್ಕಿದ್ರೂ ಕೈಯಲ್ಲಿ ಡಾಲರ್ ಬೇಕಲ್ಲ. 60ರ ದಶಕದ ಕೊನೆಗೆ ಹೋದವರನ್ನ ಕೇಳಿ ನೋಡಿ, "ಜೇಬಲ್ಲಿ 8 ಡಾಲರ್ ಇಟ್ಕೊಂಡು ಇಳಿದೆ" ಅಂತಾರೆ. ಅದು ಬಡತನದ ಕಥೆ ಅಷ್ಟೇ ಅಲ್ಲ, ವಿದೇಶಿ ವಿನಿಮಯ ನಿಯಂತ್ರಣದ ಕಥೆ. ಮನೇಲಿ ದುಡ್ಡಿದ್ರೂ ಹೊರಗೆ ತಗೊಂಡು ಹೋಗೋ ಹಾಗಿರಲಿಲ್ಲ. ಇವತ್ತು ಒಬ್ಬ ವ್ಯಕ್ತಿ ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ಆ ಯೋಜನೆ ಶುರುವಾದ 2004ರಲ್ಲಿ ಮಿತಿ ಇದ್ದದ್ದು 25,000 ಡಾಲರ್.

ಬೆಂಗಳೂರಿನ ಕಥೆ ಇನ್ನೂ ಸ್ಪಷ್ಟ. 1909ರಲ್ಲಿ ಶುರುವಾದ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದ್ರೆ ಇವತ್ತಿನ ಐಐಎಸ್‌ಸಿಗೆ, 371 ಎಕರೆ ಜಾಗ ಕೊಟ್ಟಿದ್ದು ಮೈಸೂರು ಸಂಸ್ಥಾನ. 1917ರಲ್ಲಿ ಇವತ್ತಿನ ಯುವಿಸಿಇ. ಆಮೇಲೆ ಎಚ್‌ಎಎಲ್, ಬಿಇಎಲ್, ಇಸ್ರೋ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಾಗ ಈ ಊರಲ್ಲಿ ಓದಿದ ಎಂಜಿನಿಯರ್‌ಗಳು ರೆಡಿ ಇದ್ರು. 1991ರಲ್ಲಿ ಕೇಂದ್ರ ಸರ್ಕಾರ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಶುರು ಮಾಡಿ, ಚಿಕ್ಕ ಕಂಪನಿಗಳಿಗೂ ಉಪಗ್ರಹ ಸಂಪರ್ಕ ಸಿಗೋ ಹಾಗೆ ಮಾಡ್ತು. 90ರ ದಶಕದ ಕೊನೆಗೆ ವೈಟುಕೆ ಕೆಲಸಕ್ಕೆ ಅಮೆರಿಕ ಜನ ಹುಡುಕ್ತಿದ್ದಾಗ, ಇಲ್ಲಿಂದ ವಿಮಾನ ಹತ್ತೋಕೆ ಒಂದು ಪೀಳಿಗೆ ತಯಾರಾಗಿತ್ತು.

ನಮ್ಮ ತಂಗಿಯ ವಿಷಯಕ್ಕೇ ಬನ್ನಿ. ಅವಳು ಓದಿದ್ದು ಉತ್ತರಹಳ್ಳಿ-ಕೆಂಗೇರಿ ರಸ್ತೆಯ ಕಡೆಯ ಒಂದು ಖಾಸಗಿ ಕಾಲೇಜು. ಸೀಟು ಸಿಕ್ಕಿದ್ದು ಸಿಇಟಿಯಲ್ಲಿ, ಸರ್ಕಾರಿ ಕೋಟಾದ ಫೀಸಿನಲ್ಲಿ. ಮ್ಯಾನೇಜ್‌ಮೆಂಟ್ ಸೀಟಿನ ದುಡ್ಡಾಗಿದ್ರೆ ಚಿಕ್ಕಪ್ಪ ಬಿಇ ಹೊತ್ತಿಗೇ ಸಾಲ ಮಾಡ್ತಿದ್ರು, ಎಂಎಸ್ ಮಾತೇ ಬರ್ತಿರಲಿಲ್ಲ. ಅದಕ್ಕೇ "ನಮಗೆ ಸರ್ಕಾರ ಏನೂ ಮಾಡಿಲ್ಲ" ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ.

ಬಿ ಖಾತಾ ಅಂದ ತಕ್ಷಣ ಬ್ಯಾಂಕ್ ಮುಖ ಬದಲಾಯ್ತು

ಈಗ ಇನ್ನೊಂದು ಮುಖ. ಎಲ್ಲಿ ಸಿಕ್ಕಿಹಾಕ್ಕೊಂಡ್ವಿ ಗೊತ್ತಾ? ಅಮೆರಿಕದ ವೀಸಾ ಕೌಂಟರ್‌ನಲ್ಲಿ ಅಲ್ಲ. ಇಲ್ಲೇ, ನಮ್ಮನೆ ಕಾಗದಪತ್ರದಲ್ಲಿ.

ಚಿಕ್ಕಪ್ಪ 90ರ ದಶಕದಲ್ಲಿ ತಗೊಂಡ 30x40 ಸೈಟು ರೆವಿನ್ಯೂ ಸೈಟು. ಉತ್ತರಹಳ್ಳಿ, ಅರೇಹಳ್ಳಿ, ಸುಬ್ರಹ್ಮಣ್ಯಪುರ ಕಡೆ ಇರೋರಿಗೆ ಇದನ್ನ ವಿವರಿಸೋದೇ ಬೇಡ. ಹೊಲ ಇದ್ದ ಜಾಗ, ಸರಿಯಾಗಿ ಭೂಪರಿವರ್ತನೆ ಆಗದೆ ಸೈಟಾಗಿ ಮಾರಾಟ ಆಯ್ತು. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದ್ರು. ತೆರಿಗೆ ತಗೊಂಡ್ರು, ಕರೆಂಟು ಕೊಟ್ರು, ರಸ್ತೆ ಹಾಕಿದ್ರು. ಖಾತಾ ಮಾತ್ರ "ಬಿ".

ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ ಸಾಮಾನ್ಯವಾಗಿ 7.5 ಲಕ್ಷದವರೆಗೆ ಅಡಮಾನ ಬೇಡ. ಅದರ ಮೇಲೆ ಹೋದ್ರೆ ಆಸ್ತಿ ತೋರಿಸಬೇಕು. ನಾವು ಹೋದ ಬ್ಯಾಂಕಿನ ಮ್ಯಾನೇಜರ್ ಪೇಪರ್ ತಿರುಗಿಸಿ ನೋಡಿ, "ಬಿ ಖಾತಾ ನಮಗೆ ಆಗಲ್ಲ ಮೇಡಂ" ಅಂದ್ರು. ಜೋರಾಗಿಯೇನೂ ಹೇಳಲಿಲ್ಲ, ಪಾಪ. ಆದ್ರೆ 25 ವರ್ಷ ಕಂದಾಯ ಕಟ್ಟಿದ ಮನೆ ಬ್ಯಾಂಕ್ ಲೆಕ್ಕದಲ್ಲಿ ಸೊನ್ನೆ ಆಯ್ತು. ಚಿಕ್ಕಪ್ಪ ಬರೋವಾಗ ಆಟೋದಲ್ಲಿ ಒಂದೂ ಮಾತಾಡಲಿಲ್ಲ.

ಕೊನೆಗೆ ಸಾಲ ಸಿಕ್ಕಿದ್ದು ಅಡಮಾನ ಕೇಳದ ಒಂದು ಖಾಸಗಿ ಹಣಕಾಸು ಕಂಪನಿಯಲ್ಲಿ. ಅಲ್ಲಿ ಕೆಲಸಕ್ಕೆ ಬಂದಿದ್ದು ಯೂನಿವರ್ಸಿಟಿ ಹೆಸರು ಮತ್ತು ಚಿಕ್ಕಪ್ಪನ ಸಂಬಳದ ಸ್ಲಿಪ್. ಅನುದಾನಿತ ಶಾಲೆಯ ಸಂಬಳ ಕೊಡೋದು ಯಾರು? ಸರ್ಕಾರ. ಅಂದ್ರೆ ಒಂದು ಇಲಾಖೆಯ ಕಾಗದ ಸಾಲ ತಪ್ಪಿಸ್ತು, ಇನ್ನೊಂದು ಇಲಾಖೆಯ ಕಾಗದ ಸಾಲ ಕೊಡಿಸ್ತು.

ಬಡ್ಡಿ ನೋಡಿ ಈಗ. ಬ್ಯಾಂಕಲ್ಲಿ ಸಿಗಬಹುದಾಗಿದ್ದು 9%. ಸಿಕ್ಕಿದ್ದು 12%. 40 ಲಕ್ಷ, 10 ವರ್ಷ ಅಂತ ಇಟ್ಕೊಳ್ಳಿ. 9%ಗೆ ಇಎಂಐ ಸುಮಾರು 50,670 ರೂಪಾಯಿ. 12%ಗೆ ಸುಮಾರು 57,390. ತಿಂಗಳಿಗೆ 6,700 ರೂಪಾಯಿ ವ್ಯತ್ಯಾಸ, ಹತ್ತು ವರ್ಷಕ್ಕೆ ಹತ್ತಿರ ಹತ್ತಿರ 8 ಲಕ್ಷ. ಓದೋ ಅವಧಿಯಲ್ಲಿ ಬೆಳೆಯೋ ಬಡ್ಡಿ ಇದರಲ್ಲಿ ಸೇರಿಲ್ಲ. ಇದನ್ನ ನಾನು "ಬಿ ಅಕ್ಷರದ ಬೆಲೆ" ಅಂತ ಕರೀತೀನಿ. ಒಂದು ಅಕ್ಷರಕ್ಕೆ 8 ಲಕ್ಷ.

ದೆಹಲಿ ಸರ್ಕಾರದ ಕಡೆಯಿಂದ ಎರಡು ವಿಷಯ ತಿಳ್ಕೊಳ್ಳಿ. ಒಂದು, ಟಿಸಿಎಸ್. ಕಂಪನಿ ಅಲ್ಲ, ಮೂಲದಲ್ಲಿ ಸಂಗ್ರಹಿಸೋ ತೆರಿಗೆ. 2025ರ ಏಪ್ರಿಲ್‌ನಿಂದ, ಮಾನ್ಯತೆ ಇರೋ ಸಂಸ್ಥೆಯಿಂದ ತಗೊಂಡ ಶಿಕ್ಷಣ ಸಾಲದ ಹಣ ಕಳಿಸಿದ್ರೆ ಟಿಸಿಎಸ್ ಇಲ್ಲ. ಸ್ವಂತ ಉಳಿತಾಯದಿಂದ ಫೀಸಿಗೆ ಕಳಿಸಿದ್ರೆ ವರ್ಷಕ್ಕೆ 10 ಲಕ್ಷದವರೆಗೆ ಇಲ್ಲ, ಮೇಲಿನದಕ್ಕೆ ಆಗ 5% ಅಂತ ಇತ್ತು. ಆ ದರದಲ್ಲಿ 20 ಲಕ್ಷ ಕಳಿಸಿದ್ರೆ 50,000 ಹಿಡ್ಕೊಳ್ತಿದ್ರು. ರಿಟರ್ನ್ ಹಾಕಿ ವಾಪಸ್ ತಗೋಬಹುದಿತ್ತು, ಆದ್ರೆ ಫೀಸ್ ಕಟ್ಟೋ ವಾರ ಆ 50,000 ನಿಮ್ಮ ಕೈಯಲ್ಲಿರ್ತಿರಲಿಲ್ಲ.

ಎರಡು, ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿ. ಶಿಕ್ಷಣ ಸಾಲದ ಬಡ್ಡಿಯನ್ನ 8 ವರ್ಷದವರೆಗೆ ಆದಾಯದಿಂದ ಕಳೀಬಹುದು, ಮೇಲ್ಮಿತಿ ಇಲ್ಲ. ಕೇಳೋಕೆ ಚೆನ್ನಾಗಿದೆ. ಆದ್ರೆ ಇದು ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಈಗ ನೀವು ಏನೂ ಆರಿಸದಿದ್ರೆ ಹೊಸ ಪದ್ಧತಿಗೆ ಹೋಗ್ತೀರ, ಅಲ್ಲಿ ಈ ವಿನಾಯಿತಿ ಇಲ್ಲ. ಅಪ್ಪ ಅಮ್ಮ ಸಾಲ ಕಟ್ತಿದ್ರೆ ದಯವಿಟ್ಟು ಎರಡೂ ಪದ್ಧತಿಲಿ ಲೆಕ್ಕ ಹಾಕಿಸಿ ನೋಡಿ.

ಬೆಂಗಳೂರಲ್ಲಿ ಕನಸು, ಚೆನ್ನೈಯಲ್ಲಿ ಕ್ಯೂ

ಸಾಲ ಆಯ್ತು. ವೀಸಾ? ಇಷ್ಟು ದೊಡ್ಡ ಐಟಿ ಊರು ನಮ್ಮದು, ಆದ್ರೆ ಅಮೆರಿಕ ವೀಸಾ ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗ್ಬೇಕು. ಬೆಂಗಳೂರಲ್ಲಿ ಕಾನ್ಸುಲೇಟ್ ತೆಗೀತೀವಿ ಅಂತ 2023ರ ಜೂನ್‌ನಲ್ಲಿ ಘೋಷಣೆ ಆಯ್ತು. 2025ರ ಜನವರಿ 17ರಂದು ವಿಠ್ಠಲ್ ಮಲ್ಯ ರಸ್ತೆಯಲ್ಲಿ ಉದ್ಘಾಟನೆಯೂ ಆಯ್ತು. ಆದ್ರೆ ವೀಸಾ ಕೌಂಟರ್ ಅದರ ಜೊತೆ ಬರಲಿಲ್ಲ.

ತಂಗಿ ಸ್ಲಾಟ್ ಹುಡುಕ್ತಿದ್ದ ಸಮಯದಲ್ಲೇ, 2025ರ ಮೇ ಕೊನೆಗೆ, ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳಿಗೆ ಅಮೆರಿಕ ತಡೆ ಹಾಕ್ತು. ಜೂನ್‌ನಲ್ಲಿ ಮತ್ತೆ ಶುರು ಮಾಡ್ತು, ಸೋಷಿಯಲ್ ಮೀಡಿಯಾ ಅಕೌಂಟ್‌ಗಳನ್ನ ಪಬ್ಲಿಕ್ ಇಡ್ಬೇಕು ಅನ್ನೋ ಷರತ್ತಿನ ಜೊತೆ. ಮೂರು ವಾರ ಅಷ್ಟೇ ಅಲ್ವಾ ಅನ್ಸುತ್ತೆ. ಆಗಸ್ಟ್‌ನಲ್ಲಿ ಕ್ಲಾಸ್ ಇರೋರಿಗೆ ಆ ಮೂರು ವಾರ ಅಂದ್ರೆ ಒಂದು ವರ್ಷ ಹೋಗೋ ಭಯ. ಅವಳು ರಾತ್ರಿ ಎರಡು ಗಂಟೆಗೆ ಎದ್ದು ವೆಬ್‌ಸೈಟ್ ರಿಫ್ರೆಶ್ ಮಾಡ್ತಿದ್ಲು. "ಅಕ್ಕ, ಐದು ವರ್ಷದ ಹಿಂದಿನ ರೀಲ್ ಡಿಲೀಟ್ ಮಾಡ್ಲಾ?" ಅಂತ ಕೇಳಿದ್ಲು. ಅದು ಗಣೇಶ ವಿಸರ್ಜನೆಯ ಡಾನ್ಸ್. ನಕ್ಕೆ, ಆದ್ರೆ ಅವಳು ನಗಲಿಲ್ಲ.

ಜುಲೈನಲ್ಲಿ ವೀಸಾ ಬಂತು. ಆಗಸ್ಟ್‌ನಲ್ಲಿ ಹೊರಟಳು.

ಅಲ್ಲಿ ಹೋದ ಮೇಲೆ: ಮೂರು ಬಾಗಿಲು

ಅಮೆರಿಕದ ದಾರಿಯನ್ನ ಮೂರು ಬಾಗಿಲು ಅಂತ ಯೋಚಿಸಿ.

ಮೊದಲ ಬಾಗಿಲು ಒಪಿಟಿ. ಓದಿದ ಮೇಲೆ 12 ತಿಂಗಳು ಕೆಲಸ ಮಾಡಬಹುದು. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದ್ರೆ ಇನ್ನೂ 24 ತಿಂಗಳು. ಒಟ್ಟು ಮೂರು ವರ್ಷ. ನಮ್ಮ ಹುಡುಗರು ಯಾಕೆ ಎಲ್ರೂ ಅದೇ ಕೋರ್ಸ್ ತಗೋತಾರೆ ಅಂತ ಕೇಳ್ತೀರಲ್ಲ, ಅದಕ್ಕೆ ಉತ್ತರ ಆಸಕ್ತಿಯಲ್ಲಿ ಅರ್ಧ ಇದ್ರೆ ಈ 24 ತಿಂಗಳಲ್ಲಿ ಅರ್ಧ ಇದೆ.

ಎರಡನೇ ಬಾಗಿಲು ಎಚ್-1ಬಿ. 1990ರ ಕಾನೂನಿನಿಂದ ಬಂದಿದ್ದು, ವರ್ಷಕ್ಕೆ 65,000. ಸಾಫ್ಟ್‌ವೇರ್ ಕೆಲಸ ಜೋರಾಗಿದ್ದಾಗ, 2001ರಿಂದ 2003ರವರೆಗೆ, ಇದನ್ನ 1,95,000ಕ್ಕೆ ಏರಿಸಿದ್ರು, ಆಮೇಲೆ ಮತ್ತೆ 65,000ಕ್ಕೇ ಇಳಿಸಿದ್ರು. ಅಮೆರಿಕದಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಹೆಚ್ಚುವರಿ 20,000. ಬೇಡಿಕೆ ಜಾಸ್ತಿ ಇರೋದ್ರಿಂದ ಲಾಟರಿ. 2026ರ ಹಣಕಾಸು ವರ್ಷಕ್ಕೆ ಅರ್ಹ ನೋಂದಣಿ ಸುಮಾರು 3.44 ಲಕ್ಷ, ಆಯ್ಕೆಯಾಗಿದ್ದು ಸುಮಾರು 1.2 ಲಕ್ಷ. ಅಂದ್ರೆ ಒಂದು ಸಲಕ್ಕೆ ಸುಮಾರು 35% ಅವಕಾಶ. ಮೂರು ಸಲ ಪ್ರಯತ್ನ ಮಾಡಿದ್ರೆ, ಒಂದು ಸಲವಾದ್ರೂ ಸಿಗೋ ಸಾಧ್ಯತೆ 72% ದಾಟುತ್ತೆ. ಪರವಾಗಿಲ್ಲ ಅನ್ಸುತ್ತೆ.

ಈ ಲೆಕ್ಕ ಈಗ ಬದಲಾಗಿದೆ. 2025ರ ಡಿಸೆಂಬರ್‌ನಲ್ಲಿ ಅಂತಿಮವಾದ ನಿಯಮದ ಪ್ರಕಾರ ಲಾಟರಿಯಲ್ಲಿ ಸಂಬಳದ ಹಂತಕ್ಕೆ ತೂಕ. ನಾಲ್ಕನೇ ಹಂತದ ಸಂಬಳದವರ ಹೆಸರು ನಾಲ್ಕು ಸಲ ಡಬ್ಬಿಗೆ ಬೀಳುತ್ತೆ, ಒಂದನೇ ಹಂತದವರದ್ದು ಒಂದೇ ಸಲ. ಈಗಷ್ಟೇ ಓದು ಮುಗಿಸಿದವರು ಸಾಮಾನ್ಯವಾಗಿ ಎಲ್ಲಿರ್ತಾರೆ? ಕೆಳಗಿನ ಹಂತದಲ್ಲಿ. ಒಂದು ಸಲದ ಅವಕಾಶ 15% ಅಂತ ಊಹೆ ಮಾಡ್ಕೊಳ್ಳಿ, ಮೂರು ಪ್ರಯತ್ನಕ್ಕೆ ಸೇರಿ 39% ಆಗುತ್ತೆ. ಸಾಲ ತಗೊಂಡಾಗ ನಾನು ಹಾಳೆಯಲ್ಲಿ ಬರೆದಿದ್ದು 72. ಈಗ ಅದನ್ನ ಹೊಡೆದು ಹಾಕಿ 39 ಬರೆದಿದೀನಿ. ಅವಳ ಮಾರ್ಕ್ಸ್ ಕಮ್ಮಿ ಆಗಿಲ್ಲ, ಶ್ರಮ ಕಮ್ಮಿ ಆಗಿಲ್ಲ.

ಇದರ ಮಧ್ಯೆ 2025ರ ಸೆಪ್ಟೆಂಬರ್ 19, ಶುಕ್ರವಾರ. ಹೊಸ ಎಚ್-1ಬಿಗೆ 1,00,000 ಡಾಲರ್ ಕಟ್ಟಬೇಕು ಅಂತ ಟ್ರಂಪ್ ಸಹಿ ಹಾಕಿದ್ರು. ನಮ್ಮ ದುಡ್ಡಲ್ಲಿ ಸುಮಾರು 88 ಲಕ್ಷ. ಭಾನುವಾರದಿಂದಲೇ ಜಾರಿ. ಇದು ಪ್ರತಿ ವರ್ಷ ಕಟ್ಟೋದಾ, ಒಂದೇ ಸಲನಾ? ಈಗಾಗಲೇ ವೀಸಾ ಇರೋರಿಗೂ ಅನ್ವಯ ಆಗುತ್ತಾ? ಮೊದಲ ದಿನ ಅವರ ಮಂತ್ರಿ ಒಂದು ಹೇಳಿದ್ರು, ಮರುದಿನ ಶ್ವೇತಭವನ ಇನ್ನೊಂದು ಹೇಳ್ತು. ಮದುವೆಗೆ, ಹಬ್ಬಕ್ಕೆ ಅಂತ ಊರಿಗೆ ಬಂದಿದ್ದವರು ಸೂಟ್‌ಕೇಸ್ ಬಿಚ್ಚದೇ ವಾಪಸ್ ಓಡಿದ್ರು. ವಿದ್ಯಾರ್ಥಿಯಾಗಿ ಅಲ್ಲೇ ಇದ್ದು ವೀಸಾ ಬದಲಾಯಿಸಿಕೊಳ್ಳೋರಿಗೆ ಈ ಶುಲ್ಕ ಇಲ್ಲ ಅಂತ ಅಧಿಕೃತವಾಗಿ ಸ್ಪಷ್ಟ ಆಗಿದ್ದು ಅಕ್ಟೋಬರ್ 20ಕ್ಕೆ. ಆ ಒಂದು ತಿಂಗಳು ಚಿಕ್ಕಮ್ಮ ಸರಿಯಾಗಿ ನಿದ್ದೆ ಮಾಡಲಿಲ್ಲ.

ಮೂರನೇ ಬಾಗಿಲು ಗ್ರೀನ್ ಕಾರ್ಡ್. ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ 1,40,000. ಯಾವ ದೇಶದಲ್ಲಿ ಹುಟ್ಟಿದವರಿಗೂ ಸಾಮಾನ್ಯವಾಗಿ 7%ಗಿಂತ ಹೆಚ್ಚಿಲ್ಲ. ಅಂದ್ರೆ ಭಾರತಕ್ಕೆ ಸುಮಾರು 9,800, ಗಂಡ ಹೆಂಡತಿ ಮಕ್ಕಳು ಸೇರಿ. ಪುಟ್ಟ ಐಸ್‌ಲ್ಯಾಂಡ್‌ಗೂ ಅದೇ ಮಿತಿ, 140 ಕೋಟಿ ಜನ ಇರೋ ನಮಗೂ ಅದೇ ಮಿತಿ. 2025ರ ಕೊನೆಯಲ್ಲಿ ಸರದಿ ಬಂದಿದ್ದು 2013ರಲ್ಲಿ ಅರ್ಜಿ ಹಾಕಿದ ಭಾರತೀಯರಿಗೆ. ಅಷ್ಟರಲ್ಲಿ ಕೆಲಸ ಹೋದ್ರೆ ಎಚ್-1ಬಿಯವರಿಗೆ ಸಿಗೋದು 60 ದಿನ. ಜೊತೆಗೆ ಹೋದ ಮಗು 21 ತುಂಬಿದ್ರೆ ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ ಬೀಳೋ ಅಪಾಯ.

ಇನ್ನೊಂದು ಸಣ್ಣ ವಿಷಯ, ಕಾಮರ್ಸ್‌ನವಳಾಗಿ ಹೇಳಲೇಬೇಕು. ಎಚ್-1ಬಿ ಸಂಬಳದಲ್ಲಿ 6.2% ಸೋಷಿಯಲ್ ಸೆಕ್ಯುರಿಟಿಗೆ ಹೋಗುತ್ತೆ. ಅಲ್ಲಿ ಪಿಂಚಣಿ ಬರಬೇಕಂದ್ರೆ ಒಟ್ಟು ಹತ್ತು ವರ್ಷದಷ್ಟು ಕಟ್ಟಿರಬೇಕು. ಆರು ವರ್ಷಕ್ಕೆ ವಾಪಸ್ ಬಂದವರ ದುಡ್ಡು? ಜರ್ಮನಿ, ಫ್ರಾನ್ಸ್ ತರದ ದೇಶಗಳ ಜೊತೆ ಭಾರತ ಇದಕ್ಕೆ ಒಪ್ಪಂದ ಮಾಡ್ಕೊಂಡಿದೆ. ಅಮೆರಿಕದ ಜೊತೆ ಅಂತಹ ಒಪ್ಪಂದ ಇಲ್ಲ. ಇಲ್ಲಿ ದೆಹಲಿ ಮಾಡಬಹುದಾದ ಕೆಲಸ ಇನ್ನೂ ಬಾಕಿ ಇದೆ.

ಅವರ ವಾದವನ್ನೂ ಕೇಳೋಣ

ಅಮೆರಿಕದವರ ಕಡೆಯಿಂದಲೂ ಒಂದು ನ್ಯಾಯದ ಮಾತಿದೆ. ಅಲ್ಲಿನ ಒಬ್ಬ ಹುಡುಗನೂ ಸಾಲ ಮಾಡಿ ಕಂಪ್ಯೂಟರ್ ಸೈನ್ಸ್ ಓದಿರ್ತಾನೆ. ಕಂಪನಿ ಅವನನ್ನ ಬಿಟ್ಟು ಕಮ್ಮಿ ಸಂಬಳಕ್ಕೆ, ವೀಸಾ ಭಯಕ್ಕೆ ಬಾಯಿ ಮುಚ್ಕೊಂಡು ಕೆಲಸ ಮಾಡೋರನ್ನ ತಗೊಂಡ್ರೆ ಅವನಿಗೆ ಸಿಟ್ಟು ಬರಲ್ವಾ? ಬೇರೆ ರಾಜ್ಯದವರು ನಮ್ಮ ಕೆಲಸ ತಗೊಂಡ್ರು ಅಂತ ಬೆಂಗಳೂರಲ್ಲೇ ನಾವು ಮಾತಾಡ್ತೀವಿ. ಜಾಸ್ತಿ ಸಂಬಳದವರಿಗೆ ಮೊದಲು ಅವಕಾಶ ಅನ್ನೋ ನಿಯಮದ ಹಿಂದೆ ಈ ತರ್ಕ ಇದೆ. ಅದು ತಮ್ಮ ಜನರನ್ನ ಕಾಯೋ ಪ್ರಯತ್ನ, ಅದು ಅವರ ಹಕ್ಕು.

ನನ್ನ ತಕರಾರು ನಿಯಮ ಬಿಗಿ ಅಂತ ಅಲ್ಲ. ಆಟ ಶುರುವಾದ ಮೇಲೆ ಬದಲಾಗುತ್ತೆ ಅಂತ. 2025ರ ಮಾರ್ಚ್‌ನಲ್ಲಿ ಸಾಲಕ್ಕೆ ಸಹಿ ಹಾಕಿದವರಿಗೆ ಸೆಪ್ಟೆಂಬರ್‌ನ, ಡಿಸೆಂಬರ್‌ನ ನಿಯಮ ಹೇಗೆ ಗೊತ್ತಿರುತ್ತೆ? ಸಾಲದ ಕರಾರು ಹತ್ತು ವರ್ಷದ್ದು. ವೀಸಾ ನಿಯಮಕ್ಕೆ ಒಂದು ವಾರಾಂತ್ಯ ಸಾಕು.

ಇನ್ನೊಂದು ಪ್ರಶ್ನೆ ನಮ್ಮನ್ನೇ ಕೇಳ್ಕೋಬೇಕು. ಚಿಕ್ಕಪ್ಪನ ಹತ್ರ ಸಂಬಳದ ಸ್ಲಿಪ್ ಇತ್ತು. ಅದೂ ಇಲ್ಲದವರು? ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೂಲಿಕಾರರ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಇಡೀ ದೇಶಕ್ಕೆ 125 ಜಾಗ. 2025ರಲ್ಲಿ ಆಯ್ಕೆಯಾದ 106 ಜನರಲ್ಲಿ ಮೊದಲು ಪತ್ರ ಸಿಕ್ಕಿದ್ದು 40 ಜನಕ್ಕೆ. ಉಳಿದ 66 ಜನಕ್ಕೆ ಹಣ ಲಭ್ಯವಿದ್ದರೆ ಕೊಡ್ತೀವಿ ಅಂದ್ರು. ಕರ್ನಾಟಕ ಸರ್ಕಾರಕ್ಕೂ ಪರಿಶಿಷ್ಟ ವಿದ್ಯಾರ್ಥಿಗಳಿಗಾಗಿ ಪ್ರಬುದ್ಧ ಅನ್ನೋ ಯೋಜನೆ ಇದೆ. ಅರ್ಹತೆ ಇರೋರು ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ನಮಗೆ ಸರ್ಕಾರ ಅಡ್ಡ ಬಂದ್ರೆ ಬಡ್ಡಿ ಜಾಸ್ತಿ ಆಗುತ್ತೆ. ಇವರಿಗೆ ಸರ್ಕಾರ ಒಂದು ತಿಂಗಳು ತಡ ಮಾಡಿದ್ರೆ ದಾರಿಯೇ ಮುಚ್ಚಿಹೋಗುತ್ತೆ.

ಹಾಗಾದ್ರೆ ಉತ್ತರ?

ಎಳ್ಳು ಬೆಲ್ಲ ತಿಂತಾ ಚಿಕ್ಕಪ್ಪನಿಗೆ ನಾನು ಹೇಳಿದ್ದು ಇಷ್ಟು. "ಏಣಿ ಹಾಕಿದ್ದು ಸರ್ಕಾರಗಳೇ ಚಿಕ್ಕಪ್ಪ. ಸಿಇಟಿ ಸೀಟು, ಪಾಸ್‌ಪೋರ್ಟು, ನಿಮ್ಮ ಸಂಬಳ, ಅವಳು ಓದ್ತಿರೋ ಯೂನಿವರ್ಸಿಟಿ, ಎಲ್ಲಾನೂ. ಆದ್ರೆ ನಾವು ಮೇಲೆ ಹತ್ತೋವರೆಗೂ ಏಣಿ ಹಿಡ್ಕೊಂಡಿರ್ತೀವಿ ಅಂತ ಯಾವ ಸರ್ಕಾರವೂ ಮಾತು ಕೊಟ್ಟಿಲ್ಲ."

ಹೋಗ್ಬೇಕು ಅಂತಿರೋರು ನಿಮ್ಮ ಹಾಳೆಯಲ್ಲಿ ಎರಡು ಕಾಲಂ ಹಾಕಿ. ಒಂದು, ಅಲ್ಲಿ ಕೆಲಸ ಸಿಕ್ಕಿದ್ರೆ. 57,390 ರೂಪಾಯಿ ಇಎಂಐ ಅಂದ್ರೆ ಸುಮಾರು 650 ಡಾಲರ್, ಅಲ್ಲಿನ ಎಂಜಿನಿಯರ್ ಸಂಬಳದಲ್ಲಿ ತಡ್ಕೋಬಹುದು. ಇನ್ನೊಂದು, ಮೂರು ವರ್ಷಕ್ಕೆ ವಾಪಸ್ ಬಂದ್ರೆ. ವರ್ಷಕ್ಕೆ 12 ಲಕ್ಷದ ಕೆಲಸ ಸಿಕ್ಕಿದ್ರೂ ಕೈಗೆ ಬರೋದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಎಂಐಗೆ ಹೋಗುತ್ತೆ. 6 ಲಕ್ಷದ ಕೆಲಸ ಆದ್ರೆ ಸಂಬಳವೇ ಸಾಲಲ್ಲ. ಮೊದಲನೇ ಕಾಲಂ ಎಲ್ಲಾ ಕನ್ಸಲ್ಟೆನ್ಸಿಯವರೂ ತೋರಿಸ್ತಾರೆ. ಎರಡನೇ ಕಾಲಂ ನೀವೇ ಬರೀಬೇಕು. ಅದನ್ನ ನೋಡಿದ ಮೇಲೂ ಮನೆಯವರು ಒಪ್ಪಿದ್ರೆ, ಧೈರ್ಯವಾಗಿ ಹೋಗಿ.

ಚಿಕ್ಕಪ್ಪ ಸುಮ್ನೆ ಕೇಳಿಸ್ಕೊಂಡ್ರು. ಆಮೇಲೆ ಒಳಗೆ ಹೋಗಿ ಪ್ಲಾಸ್ಟಿಕ್ ಕವರ್ ತಂದ್ರು. ಕ್ರಯಪತ್ರ, ಕಂದಾಯ ರಸೀದಿಗಳು, ಕರೆಂಟ್ ಬಿಲ್, ಇ-ಖಾತಾ. 2025ರ ನವೆಂಬರ್‌ನಿಂದ ಬೆಂಗಳೂರಲ್ಲಿ ಬಿ ಖಾತಾವನ್ನ ಎ ಖಾತಾ ಮಾಡಿಸ್ಕೊಳ್ಳೋಕೆ ಅರ್ಜಿ ತಗೋತಿದಾರಲ್ಲ, ಅದಕ್ಕೆ. ಶುಲ್ಕ ಕಮ್ಮಿಯೇನಿಲ್ಲ, ಮಾರ್ಗಸೂಚಿ ಬೆಲೆಯ ಮೇಲೆ ಲೆಕ್ಕ. ಆದ್ರೆ ಎ ಆದ್ರೆ ಸಾಲವನ್ನ ಬ್ಯಾಂಕಿಗೆ ವರ್ಗಾಯಿಸಿ 9%ಗೆ ತರೋಕೆ ಕೇಳಬಹುದು. ತಿಂಗಳಿಗೆ 6,700.

"ವಾಷಿಂಗ್ಟನ್ನಿಗೆ ನಾನು ಅರ್ಜಿ ಹಾಕೋಕಾಗಲ್ಲ, ಇಲ್ಲಿ ಹಾಕಬಹುದಲ್ಲ" ಅಂದ್ರು. ನಾವಿಬ್ಬರೂ ಕೂತು ಸ್ಕ್ಯಾನ್ ಮಾಡಿದ್ವಿ. ಒಂದು ಹಳೇ ರಸೀದಿ ಸಿಗಲಿಲ್ಲ. ಅದನ್ನ ಇನ್ನೂ ಹುಡುಕ್ತಿದೀವಿ.

ರಾತ್ರಿ ತಂಗಿ ವಿಡಿಯೋ ಕಾಲ್ ಮಾಡಿದ್ಲು. ಅಲ್ಲಿ ಬೆಳಗ್ಗೆ, ಹೊರಗೆ ಹಿಮ. "ಅಪ್ಪ ಏನ್ ಮಾಡ್ತಿದಾರೆ ಅಕ್ಕ?" ಅಂದ್ಲು. "ರಸೀದಿ ಹುಡುಕ್ತಿದಾರೆ" ಅಂದೆ. ಯಾವ ರಸೀದಿ ಅಂತ ಅವಳು ಕೇಳಲಿಲ್ಲ. ಎಳ್ಳು ಬೆಲ್ಲ ತೋರಿಸು ಅಂದ್ಲು, ಅಷ್ಟೇ.

ನಿಮ್ಮನೇಲೂ ಇಂಥ ಸಾಲದ, ವೀಸಾದ, ಖಾತಾದ ಕಥೆ ಇದ್ರೆ ಒಂದು ವಾಯ್ಸ್ ನೋಟ್ ಕಳಿಸಿ, ಹೆಸರು ಹೇಳೋದು ಬೇಡ. ಮುಂದಿನ ಎಪಿಸೋಡ್‌ನಲ್ಲಿ ಅಮೆರಿಕದಿಂದ ವಾಪಸ್ ಬಂದು ಇಲ್ಲಿ ಕೆಲಸ ಹುಡುಕ್ತಿರೋರ ಮಾತು ಕೇಳೋಣ. ಅಲ್ಲೀವರೆಗೆ, ಸಹಿ ಹಾಕೋಕೆ ಮುಂಚೆ ಎರಡನೇ ಕಾಲಂ ಬರೀರಿ.